ಪದ ಬೇಕು: ಆಪರೇಷನ್‌ನಲ್ಲಿ ಹೊಟ್ಟೆ ಕೆಳಗಾಗಿ ಮಲಗಿಸುವುದಕ್ಕೆ

ನಮಸ್ಕಾರ. ಬೆನ್ನುಮೂಳೆ ಆಪರೇಷನ್‌ಗೆ ಬರುವವರಿಗೆ ಕೊಡುವ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೇ ಪ್ರೆಸ್‌ಗೆ ಹೋಗಬೇಕು. 'ಪ್ರೋನ್ ಪೊಸಿಷನ್'ಗೆ 'ಅಧೋಮುಖ ಶಯನಸ್ಥಿತಿ' ಅಂತ ಬರೆದಿದ್ದೆ. ವಾರ್ಡಿನ ಆಯಾ ಓದಿ, "ಇದೇನು ಯೋಗಾಸನಾನಾ?" ಅಂದರು. ಸಾಲು ಹೀಗಿದೆ: 'ನಿಮ್ಮನ್ನು ____ ಮಲಗಿಸಿ, ಎದೆಗೂ ಸೊಂಟಕ್ಕೂ ದಿಂಬು ಕೊಡುತ್ತೇವೆ. ಹೊಟ್ಟೆ ಜೋತಾಡಿಕೊಂಡಿದ್ದರೆ ವಪೆ ಸಲೀಸಾಗಿ ಆಡುತ್ತದೆ.' (ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಡಯಾಫ್ರಂ.)

ಮರು: ಬೋರಲು. ಇದಕ್ಕೂ ಚರ್ಚೆ ಬೇಕಾ?

ಮರು: ಬೇಕು. ಬೋರಲು ತೆಲುಗಿನ 'ಬೋರ್ಲಾ'. ಮಂಡ್ಯದ ಕಡೆ 'ಮಕಾಡೆ' ಅಂತಾರೆ, ಅಚ್ಚಗನ್ನಡ. ಮನೆಯಲ್ಲೇ ಇರುವಾಗ ಎರವಲು ಯಾಕೆ?

ಮರು: ಸುಮ್ನಿರಿ ಸಾರ್. ಊರು, ನೀರು, ಕಾಲು ತೆಲುಗಿನಲ್ಲೂ ಇವೆ. ಅವೂ ಸಾಲವಾ? ಮಕಾಡೆಯ 'ಮಕ' ಸಂಸ್ಕೃತದ ಮುಖ ಅಲ್ವಾ? ಅದೂ ಇರಲಿ, ಸಿನಿಮಾ ಮಕಾಡೆ ಮಲಗಿತು ಅಂತೀವಿ. ಆ ಪದ ಓದಿ ಯಾವ ರೋಗಿ ಸಹಿ ಹಾಕುತ್ತಾನೆ?

ನಾನು ಅರಿವಳಿಕೆ ಕೊಡುವವನು. ಬೋರಲು ಹಾಕಿದರೆ ಉಸಿರು ಕಟ್ಟುತ್ತೆ ಅಂತ ಜನ ಹೆದರುತ್ತಾರೆ. ಅಂಗಾತ ಮಲಗಿದಾಗಲೇ ಹೊಟ್ಟೆ ವಪೆಯನ್ನು ಎದೆಯೊಳಕ್ಕೆ ತಳ್ಳೋದು. ಉಸಿರು ಬಿಟ್ಟ ಮೇಲೆ ಒಳಗುಳಿಯುವ ಗಾಳಿ, ನಿಂತಾಗಿನದಕ್ಕಿಂತ ಸುಮಾರು 0.8ರಿಂದ 1 ಲೀಟರ್ ಕಡಿಮೆ. ಅರಿವಳಿಕೆ ಕೊಟ್ಟರೆ ಇನ್ನೂ ಅರ್ಧ ಲೀಟರಿನಷ್ಟು ಹೋಗುತ್ತೆ. ಬೋರಲು ಹಾಕಿ ಹೊಟ್ಟೆಗೆ ಜಾಗ ಬಿಟ್ಟರೆ ಅಂಗಾತಕ್ಕಿಂತ ಜಾಸ್ತಿ ಗಾಳಿ ಉಳಿಯುತ್ತೆ. ಅದಕ್ಕೇ ಹೊಟ್ಟೆ ಕೆಳಗೆ ಕೈ ತೂರಿಸಿ ನೋಡುತ್ತೇವೆ. ದಿಂಬು ಸರಿದು ಹೊಟ್ಟೆ ಮೇಜಿಗೆ ಒತ್ತಿತೋ, ವೆಂಟಿಲೇಟರಿನಲ್ಲಿ ಒತ್ತಡದ ಅಂಕಿ ಏರುತ್ತೆ. ನೀವು ತಿದ್ದಬೇಕಾದದ್ದು 'ಜೋತಾಡಿಕೊಂಡಿದ್ದರೆ' ಅನ್ನೋದನ್ನ. ದೊಡ್ಡ ಹೊಟ್ಟೆಯವರು ಓದಿದರೆ ಬೇಜಾರಾಗ್ತಾರೆ. 'ಹೊಟ್ಟೆಗೆ ಒತ್ತು ಬೀಳದಂತೆ' ಅನ್ನಿ.

ಮರು: ಮುಖ ದ್ರಾವಿಡದಿಂದಲೇ ಸಂಸ್ಕೃತಕ್ಕೆ ಹೋದದ್ದು ಅನ್ನುವ ಪಂಡಿತರೂ ಇದ್ದಾರೆ. ಬೇಕಾದರೆ ಬೇರೆ ಎಳೆ ತೆರೆಯಿರಿ, ತೋರಿಸುತ್ತೇನೆ. ವಪೆಗೆ ಮಾತ್ರ ಯಾರೂ ತಕರಾರು ಎತ್ತಲಿಲ್ಲ! ಸಂಸ್ಕೃತದಲ್ಲಿ 'ವಪಾ' ಅಂದರೆ ಕರುಳಿನ ಮೇಲಿನ ಕೊಬ್ಬಿನ ಪೊರೆ. ಡಯಾಫ್ರಂ ಅಲ್ಲವೇ ಅಲ್ಲ. ತಪ್ಪು ಎರವಲು.

ಮರು: ಐವತ್ತು ವರ್ಷ ತಡವಾಯಿತು. ಶಾಲೆ ಮಕ್ಕಳಿಗೂ ಅದು ವಪೆಯೇ.

ಮರು: ಎಲ್ಲರಿಗೂ ಥ್ಯಾಂಕ್ಸ್. ಕಳಿಸಿದ್ದು ಇದು: 'ನಿಮ್ಮನ್ನು ಬೋರಲು ಮಲಗಿಸಿ, ಎದೆಗೂ ಸೊಂಟಕ್ಕೂ ದಿಂಬು ಕೊಡುತ್ತೇವೆ. ಹೊಟ್ಟೆಗೆ ಒತ್ತು ಬೀಳದಂತೆ ನೋಡಿಕೊಳ್ಳುತ್ತೇವೆ. ಉಸಿರಾಟ ಸಲೀಸಾಗಿರುತ್ತದೆ.' ವಪೆ ಬಿಟ್ಟೆ. ನಾಳೆಯ ಹಾಳೆಯಲ್ಲಿ ತಲೆ ತಗ್ಗಿಸಿ, ಕಾಲು ಎತ್ತರಿಸಿ ಮಲಗಿಸೋದಿದೆ, ಟ್ರೆಂಡೆಲೆನ್‌ಬರ್ಗ್. ಅದು ಜರ್ಮನ್ ಸರ್ಜನ್ ಒಬ್ಬರ ಹೆಸರು. ದಯವಿಟ್ಟು ಧಾತು ಹುಡುಕಬೇಡಿ.