ಅಬಾದಾನ್ ಎಣ್ಣೆ ಕಾಯಲು 1914ರಲ್ಲಿ ಬಾಂಬೆಯಿಂದ ಬ್ರಿಗೇಡ್ ಹೋಯ್ತು, 1951ರಲ್ಲಿ ಯಾಕೆ ಯಾರೂ ಹೋಗಲಿಲ್ಲ?

ಕೋಡಿಬಾಗ_ಕಾರವಾರ:

ಕಾಲೇಜಿನ ಇತಿಹಾಸ ಸೆಮಿನಾರಿಗೆ ಈ ವಿಷಯ ಕೊಟ್ಟಿದ್ದಾರೆ. ಪರ್ಷಿಯಾದ ಎಣ್ಣೆ ಕಾಯಲಿಕ್ಕೆ ಅಂತ 1914ರ ಅಕ್ಟೋಬರಿನಲ್ಲಿ ಪೂನಾ ಡಿವಿಜನ್ನಿನ 16ನೇ ಬ್ರಿಗೇಡ್ ಬಾಂಬೆ ಬಿಟ್ಟಿತು, ನವೆಂಬರ್ 22ರ ಹೊತ್ತಿಗೆ ಪಕ್ಕದಲ್ಲೇ ತುರ್ಕಿ ಕೈಯಲ್ಲಿದ್ದ ಬಸ್ರಾ ಕೈಗೆ ಬಂತು. ಅದೇ ಬ್ರಿಟನ್ 1951ರಲ್ಲಿ ಇರಾನ್ (ಹಿಂದಿನ ಪರ್ಷಿಯಾ) ಬ್ರಿಟಿಷರ ಎಣ್ಣೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದಾಗ, ಎದುರಿಗೇ ಯುದ್ಧನೌಕೆ ನಿಲ್ಲಿಸಿಕೊಂಡೂ ರಿಫೈನರಿ ಇದ್ದ ಅಬಾದಾನ್ ಬಿಟ್ಟು ನಡೆಯಿತು. ಅಮೆರಿಕ ಒಪ್ಪಲಿಲ್ಲ ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ಸೈನಿಕ ಯೋಜನೆಯ ಮಟ್ಟದಲ್ಲಿ ಬದಲಾಗಿದ್ದೇನು? ಮತ್ತೆ, ಎಣ್ಣೆ ಬಾವಿ ಕಾಯುವುದು ಅಂದರೆ ನಿಜಕ್ಕೂ ಏನನ್ನು ಕಾಯುವುದು?

ಘಟ್ಟದಮೇಲೆ_ಶಿರಸಿ:

ತಮಾ, ಎರಡನೇ ಪ್ರಶ್ನೆಯಿಂದ ಶುರು ಮಾಡು. ಬಾವಿಯನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಕಾಯಬೇಕಾದದ್ದು ಉದ್ದಕ್ಕೆ ಹರಡಿಕೊಂಡ ಒಂದು ವ್ಯವಸ್ಥೆ: 1908ರಲ್ಲಿ ಎಣ್ಣೆ ಸಿಕ್ಕ ಮಸ್ಜಿದ್ ಸುಲೇಮಾನ್, ಪಂಪ್ ಸ್ಟೇಶನ್, ಅಬಾದಾನ್ ತನಕ ಸುಮಾರು 220 ಕಿ.ಮೀ. ಪೈಪು, ರಿಫೈನರಿ, ಜೆಟ್ಟಿ, ಶತ್ ಅಲ್ ಅರಬ್ ನದಿ, ಕೊನೆಗೆ ಅದರ ಅಳಿವೆ. ಇದರಲ್ಲಿ ಸೈನ್ಯ ಇಟ್ಟು ಕಾಯಲಿಕ್ಕೆ ಬರುವುದು ಎರಡು ತುದಿ ಮಾತ್ರ.

ನಡುವಿನ ಪೈಪಿಗೆ ಬ್ರಿಟಿಷರ ಉಪಾಯ ದುಡ್ಡು. 1905ರ ಕರಾರಿನಲ್ಲಿ ಆ ಸೀಮೆಯ ಬುಡಕಟ್ಟಿನ ಮುಖಂಡರಾದ ಬಖ್ತಿಯಾರಿ ಖಾನರಿಗೆ ಕಾವಲಿನ ಬಾಬ್ತು ವರ್ಷಕ್ಕೆ 2,000 ಪೌಂಡ್, ಮೇಲೆ ಶೇ. 3 ಷೇರು. ಕೆಳಗಿನ ಸೀಮೆಗೆ ಮೊಹಮ್ಮರಾದ ಶೇಖ್ ಖಜಲ್ ಜತೆ 1909ರ ಒಪ್ಪಂದ; ರಿಫೈನರಿಯ ಜಾಗ ಬಂದದ್ದೂ ಅದರಲ್ಲೇ. ಖಾನರ ಕಾವಲು ನಂಬುವ ಹಾಗಿಲ್ಲ ಅನಿಸಿ 1907ರ ಕೊನೆಗೆ ಆರ್ನಾಲ್ಡ್ ವಿಲ್ಸನ್ ಎಂಬ ಲೆಫ್ಟಿನೆಂಟ್ ಜತೆ 18ನೇ ಬೆಂಗಾಲ್ ಲ್ಯಾನ್ಸರ್ಸ್‌ನ ಸುಮಾರು 20 ಸವಾರರನ್ನು ಕಳಿಸಿದರು. ಕಾಗದದಲ್ಲಿ ಬರೆದ ಕಾರಣ ಅಹ್ವಾಜ್ ಕಾನ್ಸುಲೇಟಿನ ಕಾವಲು!

ಈ ಏರ್ಪಾಡು ಎಲ್ಲಿ ಕೈಕೊಟ್ಟಿತು ಅನ್ನುವುದಕ್ಕೆ 1915ರ ಫೆಬ್ರವರಿ ನೋಡು. ತುರ್ಕಿ ಕಡೆ ವಾಲಿದ ಬುಡಕಟ್ಟಿನವರು ಅಹ್ವಾಜ್ ಹತ್ತಿರ ಪೈಪು ಕಡಿದರು. ಬಸ್ರಾ ಕೈಯಲ್ಲಿತ್ತು, ಅಬಾದಾನ್ ಕೈಯಲ್ಲಿತ್ತು, ಆದರೂ ಜೂನ್ ತನಕ ಎಣ್ಣೆ ಹರಿಯಲಿಲ್ಲ. ಕಡಿಯಲು ಕೆಲವೇ ಜನ ಸಾಕು. ಜೋಡಿಸಲು ಪೈಪಿನ ತುಂಡು ಬೇಕು, ಫಿಟ್ಟರ್ ಬೇಕು, ಅವರನ್ನು ಕಾಯುವ ಪಡೆ ಬೇಕು. ಅಹ್ವಾಜ್ ಸುತ್ತಿನ ಕಾರೂನ್ ನದಿಯ ಸೀಮೆ ಹದ್ದುಬಸ್ತಿಗೆ ತರಲು ಗಾರಿಂಜ್ ಕೈಕೆಳಗಿನ 12ನೇ ಇಂಡಿಯನ್ ಡಿವಿಜನ್ನೇ ಹೋಗಬೇಕಾಯ್ತು.

ಅಳಿವೆಬಾಯಿ_ತದಡಿ:

ಮೇಲಿನವರು ಹೇಳಿದ್ದು ಸರಿ, ಆದರೆ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ ಬೇಕು. 'ಎಣ್ಣೆಗಾಗಿಯೇ ಬ್ರಿಗೇಡ್ ಹೋಯ್ತು' ಅಂತ ಬರೆದರೆ ಸೆಮಿನಾರಿನಲ್ಲಿ ಸಿಕ್ಕಿಬೀಳ್ತೀರಿ. ನೌಕಾಪಡೆಯ ಎಣ್ಣೆಗೆ ಅಂತ ಸರ್ಕಾರದ ಸುಮಾರು 20 ಲಕ್ಷ ಪೌಂಡ್ ಹಾಕಿಸಿ ಕಂಪನಿಯಲ್ಲಿ ಶೇ. 51 ಪಾಲು ಕೊಡಿಸಿದ, ಆಗಿನ ನೌಕಾ ಸಚಿವ ಚರ್ಚಿಲ್ಲೇ 1914ರ ಸೆಪ್ಟೆಂಬರ್ ಮೊದಲಿಗೆ, ಈ ಕೆಲಸಕ್ಕೆ ಸೈನ್ಯ ಸಿಗುವ ಲಕ್ಷಣ ಇಲ್ಲ, ಎಣ್ಣೆ ಬೇರೆ ಕಡೆ ಕೊಳ್ಳಬೇಕಾದೀತು ಅಂತ ಷರಾ ಹಾಕಿದ್ದ. ಒತ್ತಾಯ ಬಂದದ್ದು ಇಂಡಿಯಾ ಆಫೀಸಿನಿಂದ, ಅಂದರೆ ಭಾರತದ ಆಡಳಿತ ನೋಡುವ ಲಂಡನ್ನಿನ ಇಲಾಖೆಯಿಂದ. ಅಲ್ಲಿನ ಮಿಲಿಟರಿ ಕಾರ್ಯದರ್ಶಿ ಎಡ್ಮಂಡ್ ಬ್ಯಾರೋ ಸೆಪ್ಟೆಂಬರ್ 26ರ ಟಿಪ್ಪಣಿಯಲ್ಲಿ ಬಿಚ್ಚಿಯೇ ಹೇಳಿದ್ದಾನೆ: ಹೊರಗೆ ತೋರಿಸಲಿಕ್ಕೆ ಎಣ್ಣೆ ಕಾವಲು, ಒಳಗಿನ ಉದ್ದೇಶ ತುರ್ಕಿಯನ್ನು ಹೆದರಿಸಿ ಅರಬರಿಗೆ ಧೈರ್ಯ ಕೊಡುವುದು.

ಇಳಿದ ಕ್ರಮವೂ ಹಾಗೇ ಇದೆ. ಅಕ್ಟೋಬರ್ 16ಕ್ಕೆ ಹೊರಟು 23ಕ್ಕೆ ಬಹ್ರೈನ್ ಎದುರು ಲಂಗರು ಹಾಕಿ ಕಾದರು. ತುರ್ಕಿ ಮೇಲೆ ಯುದ್ಧ ಘೋಷಣೆ ನವೆಂಬರ್ 5, ನದಿಯ ಬಾಯಲ್ಲಿರುವ ಫಾವ್‌ನಲ್ಲಿ ಇಳಿದದ್ದು 6. ಅಲ್ಲಿನ ಕೋಟೆಯ ಫಿರಂಗಿಗಳ ಬಾಯಿ ಮುಚ್ಚಿಸಿದ್ದು ಓಡಿನ್ ಎಂಬ ಸಣ್ಣ ನೌಕೆ. ಶತ್ ಅಲ್ ಅರಬ್ ಬಾಯಲ್ಲಿ ಹೂಳಿನ ದಿಬ್ಬ ಇದೆ. ನಮ್ಮ ತದಡಿ ಅಳಿವೆಗೆ ಬೋಟಿನವರು ಭರತ ನೋಡಿಕೊಂಡು ಬರುವ ಹಾಗೆ ಅಲ್ಲೂ ಆಳದ ಹಡಗು ಭರತಕ್ಕೆ ಕಾಯಬೇಕು, ಇಲ್ಲಾ ಹೊರಗೇ ಸರಕು ಇಳಿಸಿ ಹಗುರಾಗಬೇಕು. ನದಿಯೊಳಗೆ ನುಗ್ಗಿ ಗುಂಡು ಹಾರಿಸುವ ಕೆಲಸ ದೊಡ್ಡ ನೌಕೆಯದ್ದಲ್ಲ.

ಬಸ್ರಾದಲ್ಲಿ ಸರಿಯಾದ ಧಕ್ಕೆಯೇ ಇರಲಿಲ್ಲ. ಹಡಗು ನಡುನೀರಿನಲ್ಲಿ ನಿಂತು ಬೆಲ್ಲಂ, ಮಹೇಲಾ ಅನ್ನುವ ನಾಡದೋಣಿಗೆ ಸರಕು ಇಳಿಸಬೇಕು. ಒಂದು ಬ್ರಿಗೇಡಿಗೆ ಇಷ್ಟು ಸಾಕು. ಬಾಗ್ದಾದ್ ಆಸೆಗೆ ಬಿದ್ದು ಪಡೆ ಬೆಳೆದಾಗ 1916ರಲ್ಲಿ ಹಡಗುಗಳು ವಾರಗಟ್ಟಲೆ ಸಾಲು ನಿಂತವು. ಮೇಲಕ್ಕೆ ಸಾಮಾನು ಒಯ್ಯುವ ಕಡಿಮೆ ಆಳದ ಸ್ಟೀಮರ್‌ಗಳೂ ಸಾಲಲಿಲ್ಲ. ಪೈಪು ಬಿಟ್ಟು ನೂರಾರು ಕಿ.ಮೀ. ಆಚೆ, ಕುತ್‌ನಲ್ಲಿ, ಏಪ್ರಿಲ್ 29ಕ್ಕೆ ಬ್ರಿಟಿಷರ ಪಡೆಯ ಸುಮಾರು 13,000 ಜನ ತುರ್ಕರಿಗೆ ಸೆರೆ ಸಿಕ್ಕರು. (ಆ 16ನೇ ಬ್ರಿಗೇಡಿನಲ್ಲಿದ್ದ 117ನೇ ಮರಾಠಾಸ್ 1922ರ ಮರುಜೋಡಣೆಯಲ್ಲಿ, ಈಗ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿತು.)

ಘಟ್ಟದಮೇಲೆ_ಶಿರಸಿ:

ಬ್ಯಾರೋ ಟಿಪ್ಪಣಿಯ ಮಾತು ಒಪ್ಪಿದೆ. ಇನ್ನು 1951.

ನಡುವೆ ಎರಡು ಸಲ ಇದೇ ಲೆಕ್ಕ ನಡೆದಿದೆ. 1941ರ ಆಗಸ್ಟ್ 25ರ ನಸುಕಿಗೆ 8ನೇ ಇಂಡಿಯನ್ ಡಿವಿಜನ್ನಿನ 24ನೇ ಬ್ರಿಗೇಡ್ ನದಿ ದಾಟಿ ಅಬಾದಾನ್ ಹಿಡಿಯಿತು. ಕಾಯಲು ಹೊರಟದ್ದನ್ನೇ ಸುಡಬಾರದಲ್ಲ, ಹಾಗಾಗಿ ರಿಫೈನರಿ ಕಡೆಗೆ ಶೆಲ್ ಹಾರಿಸುವಾಗ ಕೈ ಹಿಡಿಯಬೇಕಿತ್ತು. 1946ರ ಜುಲೈಯಲ್ಲಿ ಅಲ್ಲಿ ಕಾರ್ಮಿಕರ ಮುಷ್ಕರ ಆದಾಗ ಮರು ತಿಂಗಳೇ ಭಾರತದಿಂದ ಒಂದು ಬ್ರಿಗೇಡ್ ಬಸ್ರಾಕ್ಕೆ ಬಂದು ಕೂತಿತು. ಗಡಿ ದಾಟಲಿಲ್ಲ, ಕೂತಿದ್ದೇ ಕೆಲಸ ಮಾಡಿತು.

1947ರ ಆಗಸ್ಟ್ ನಂತರ ಲಂಡನ್ ಬೆರಳು ತೋರಿಸಿದ ಕಡೆ ಹೋಗುವ ಆ ಸೈನ್ಯವೇ ಇಲ್ಲ. ಆ ಖಾಲಿ ಜಾಗವನ್ನು ತುಂಬಲು 1951ರ ಜೂನ್‌ನಲ್ಲಿ 16ನೇ ಪ್ಯಾರಾಶೂಟ್ ಬ್ರಿಗೇಡನ್ನು ಸೈಪ್ರಸ್‌ಗೆ ತಂದರು, ಮಾರಿಷಸ್ ಎಂಬ ಕ್ರೂಸರನ್ನು ಅಬಾದಾನ್ ಎದುರು ನಿಲ್ಲಿಸಿದರು. 'ಬಕನೀರ್' ಅನ್ನುವ ಯೋಜನೆ ತಯಾರಾಯ್ತು, ಆದರೆ ಅದರ ಗುರಿ ಅಬಾದಾನ್ ದ್ವೀಪ ಅಷ್ಟೇ. ಒಳನಾಡಿನ ಬಾವಿ, ಪೈಪು ಇರಾನಿನ ಕೈಯಲ್ಲೇ ಉಳಿಯುತ್ತವೆ. ಜಗತ್ತಿನಲ್ಲೇ ದೊಡ್ಡ ರಿಫೈನರಿ ಹಿಡಿದು, ಮೇಲಿನ ವಾಲ್ವ್ ಬೇರೆಯವರ ಕೈಯಲ್ಲಿದ್ದರೆ ಏನು ಬಂತು? ನನ್ನ ಮಟ್ಟಿಗೆ ಯೋಜನೆ ಸತ್ತದ್ದು ಇಲ್ಲಿ. ಅಮೆರಿಕದ ಅಧ್ಯಕ್ಷ ಟ್ರೂಮನ್ ಒಪ್ಪದ್ದು ಅದರ ಮೇಲಿನ ಮಣ್ಣು. ಇನ್ನೊಂದು ಭಯ 1921ರ ಸೋವಿಯತ್-ಪರ್ಷಿಯಾ ಒಪ್ಪಂದದ 6ನೇ ಕಲಮು: ಮೂರನೆಯವರು ಇರಾನಿಗೆ ಸೈನ್ಯ ನುಗ್ಗಿಸಿ ಅಲ್ಲಿಂದ ರಷ್ಯಾಕ್ಕೆ ಅಪಾಯ ಒಡ್ಡಿದರೆ ಉತ್ತರದಿಂದ ಸೋವಿಯತ್ ಪಡೆ ಬರಲಿಕ್ಕೆ ಅದರಲ್ಲಿ ದಾರಿ ಇತ್ತು. ಸೆಪ್ಟೆಂಬರ್ 27ಕ್ಕೆ ಬ್ರಿಟನ್ನಿನ ಪ್ರಧಾನಿ ಅಟ್ಲಿಯ ಸಂಪುಟ ಬಲಪ್ರಯೋಗ ಬೇಡ ಅಂದಿತು. ಅಕ್ಟೋಬರ್ 4ಕ್ಕೆ ಉಳಿದ ಸಿಬ್ಬಂದಿ ಅದೇ ಮಾರಿಷಸ್ ಹತ್ತಿ ಹೊರಟರು.

ರಿಗ್‌ಕೆಲಸ_ಹೊನ್ನಾವರ:

ಎಲ್ಲ ಸರಿ ಮಾರಾಯ್ರೆ, ಯೋಜನೆಯ ಇನ್ನರ್ಧ ಬಿಟ್ಟೇ ಹೋಯ್ತಲ್ಲ. ಕಾಯಲಿಕ್ಕೆ ಆಗದಿದ್ದರೆ ವೈರಿಗೆ ದಕ್ಕದ ಹಾಗೆ ಕೆಡಿಸುವುದು. ಇದರಲ್ಲಿ ಎಡವಿದ್ದೇ ಜಾಸ್ತಿ.

ಬಾವಿಗೆ ಸಿಮೆಂಟ್ ಬೂಚು ಹಾಕುವುದು ನೆಟ್ಟಗಿನ ದಾರಿ. ಮೊದಲು ಭಾರದ ಮಡ್ (ಕೊರೆಯುವಾಗ ಬಳಸುವ ಕೆಸರು) ತುಂಬಿ ಒತ್ತಡ ಅಡಗಿಸಬೇಕು. ಪಂಪು, ರಾಡ್ ಮೇಲೆತ್ತಬೇಕು. ಟ್ಯೂಬಿಂಗ್ (ಎಣ್ಣೆ ಮೇಲೆ ಬರುವ ಒಳಪೈಪು) ತುದಿಯನ್ನು ಎಣ್ಣೆ ಬರುವ ಪದರದ ಎದುರು ತಂದು, ಅದರೊಳಗಿಂದ ಸಿಮೆಂಟ್ ಹಾಲು ಇಳಿಸಿ, ಟ್ಯೂಬಿಂಗನ್ನು ಮೇಲಕ್ಕೆಳೆದು ಗಟ್ಟಿಯಾಗಲು ಬಿಡಬೇಕು. 7 ಇಂಚಿನ ಹೊರಪೈಪು, ಅಂದರೆ ಕೇಸಿಂಗ್‌ನಲ್ಲಿ 30 ಮೀಟರ್ ಬೂಚಿಗೆ 50 ಕೆ.ಜಿ.ಯ 15-16 ಮೂಟೆ ಸಾಕು. ಕೊರತೆ ಸಿಮೆಂಟಿನದ್ದಲ್ಲ, ಪ್ರತಿ ಬಾವಿಗೂ ರಿಗ್ ನಿಲ್ಲಿಸುವ ಹೊತ್ತಿನದ್ದು. ಆ ಹೊತ್ತು ಸಿಗದಿದ್ದರೆ ಟ್ಯೂಬಿಂಗನ್ನೇ ಬಾವಿಯೊಳಗೆ ಬೀಳಿಸಿ, ಮೇಲೆ ಗುಜರಿ ಕಬ್ಬಿಣ ಸುರಿದು, ವೆಲ್‌ಹೆಡ್ (ಬಾವಿಯ ಬಾಯಿಯ ವಾಲ್ವ್ ಜೋಡಣೆ) ಒಡೆಯುತ್ತಾರೆ. ಅದನ್ನು ಮತ್ತೆ ಮೀನು ಹಿಡಿದ ಹಾಗೆ ಎತ್ತಲು ವೈರಿಗೆ ತಿಂಗಳು ಹಿಡಿಯಬಹುದು. ಆದರೆ ಎರಡೂ ದಾರಿಯಲ್ಲಿ ಕೆಡುವುದು ಬಾವಿ, ಕೆಳಗಿನ ಎಣ್ಣೆಯಲ್ಲ. ಪಕ್ಕದಲ್ಲಿ ಹೊಸದಾಗಿ ಕೊರೆದರೆ ಮತ್ತೆ ಬಂತು.

ದೊಡ್ಡ ತಲೆನೋವು ಅಪ್ಪಣೆಯ ಹೊತ್ತು. ಬೇಗ ಕೊಟ್ಟರೆ ನಿಮ್ಮ ಸೈನ್ಯಕ್ಕೇ ಪೆಟ್ರೋಲ್ ಇಲ್ಲ. ಬೋರ್ನಿಯೋದ ಮಿರಿಯಲ್ಲಿ ಯುದ್ಧಕ್ಕೆ ಮುಂಚೆಯೇ ಉತ್ಪಾದನೆ ಇಳಿಸಿ ತಯಾರಿ ನಡೆಸಿದ್ದರಿಂದ 1941ರ ಡಿಸೆಂಬರ್ 16ಕ್ಕೆ ಜಪಾನಿಯರು ಇಳಿಯುವ ಮೊದಲೇ ಕೆಡಿಸುವ ಕೆಲಸ ಮುಗಿದಿತ್ತು. ಬರ್ಮಾದ ಯೆನಾಂಗ್ಯಾಂಗ್‌ನಲ್ಲಿ ಕೊನೆ ಗಳಿಗೆ ತನಕ ಎಣ್ಣೆ ಬೇಕಿತ್ತು, 1942ರ ಏಪ್ರಿಲ್ 15-16ಕ್ಕೆ ಅಲ್ಲಿನ ಬ್ರಿಟಿಷ್ ದಂಡನಾಯಕ ಸ್ಲಿಮ್ ಅಪ್ಪಣೆ ಕೊಟ್ಟ. ಸುಮಾತ್ರದ ಪಾಲೆಂಬಾಂಗ್‌ನಲ್ಲಿ ಫೆಬ್ರವರಿ 14ಕ್ಕೆ ಜಪಾನಿ ಪ್ಯಾರಾಶೂಟ್ ಪಡೆ ಮೇಲಿಂದಲೇ ಇಳಿಯಿತು. ಅಲ್ಲಿನ ಸುಂಗೈ ಗೆರಾಂಗ್ ರಿಫೈನರಿ ಬಹುಪಾಲು ಸುಟ್ಟಿತು, ಪ್ಲಾಜು ರಿಫೈನರಿ ಹೆಚ್ಚುಕಡಿಮೆ ಇದ್ದ ಹಾಗೇ ಕೈತಪ್ಪಿತು.

ಹೀಗೆ ಕೆಡಿಸಿದ್ದಕ್ಕೆ ಕಂಪನಿಗಳು ಸರ್ಕಾರದಿಂದ ಕೇಳಿದ ಪರಿಹಾರದ ಕಥೆ ಬೇರೆ. ಬರ್ಮಾ ಆಯಿಲ್ 1964ರಲ್ಲಿ ಆಗ ಬ್ರಿಟನ್ನಿನ ಕೊನೆಯ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದಿತು. ಮರುವರ್ಷವೇ ಪಾರ್ಲಿಮೆಂಟ್ ವಾರ್ ಡ್ಯಾಮೇಜ್ ಆಕ್ಟ್ ತಂದು ಆ ಹಕ್ಕನ್ನು ಹಿಂದಿನಿಂದಲೇ ಅಳಿಸಿತು. ಅಮೆರಿಕವೂ 1949ರ ಜನವರಿಯಲ್ಲಿ ಎನ್‌ಎಸ್‌ಸಿ 26/2 ಅನ್ನುವ, ರಾಷ್ಟ್ರೀಯ ಭದ್ರತಾ ಮಂಡಳಿಯ ಗುಪ್ತ ನಿರ್ಣಯ ಮಾಡಿತ್ತು: ಸೋವಿಯತ್ ಪಡೆ ಬಂದರೆ ಮಧ್ಯಪ್ರಾಚ್ಯದ ಬಾವಿಗಳಿಗೆ ಬೂಚು.

ಕೋಡಿಬಾಗ_ಕಾರವಾರ:

ಎಲ್ಲರಿಗೂ ಧನ್ಯವಾದ. ಕೊನೆಯಲ್ಲಿ ನಮ್ಮ ಕದಂಬ ನೌಕಾನೆಲೆಯನ್ನೂ ಈ ಲೆಕ್ಕಕ್ಕೆ ಸೇರಿಸಬಹುದಾ?

ಅಳಿವೆಬಾಯಿ_ತದಡಿ:

ಬೇಡ. 2019ರ ಜೂನ್‌ನಲ್ಲಿ ಓಮಾನ್ ಕೊಲ್ಲಿಯಲ್ಲಿ ಟ್ಯಾಂಕರ್‌ಗಳ ಮೇಲೆ ದಾಳಿಯಾದಾಗ ನಮ್ಮ ನೌಕಾಪಡೆ 'ಆಪರೇಷನ್ ಸಂಕಲ್ಪ' ಶುರು ಮಾಡಿತು. ಅಲ್ಲಿ ಕಾದದ್ದು ನಮ್ಮ ಬಾವುಟದ ಹಡಗನ್ನು, ಪರದೇಶದ ಬಾವಿಯನ್ನಲ್ಲ. ಬಾವಿಗೇ ಏನಾದರೂ ಆದರೆ ಅಂತ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಉಗ್ರಾಣ ಮಾಡಿದ್ದಾರೆ. ನೀವು 1951ಕ್ಕೇ ನಿಲ್ಲಿಸಿ. ಜಾಗ ಉಳಿದರೆ 1961ರ ಜುಲೈ 1ಕ್ಕೆ ಬ್ರಿಟಿಷರು ಕುವೈತ್‌ನಲ್ಲಿ ಇಳಿದದ್ದನ್ನು ಸೇರಿಸಿ. ಬಕನೀರ್‌ನಲ್ಲಿ ಇಲ್ಲದ್ದು ಅಲ್ಲಿತ್ತು: ಕರೆದ ದೊರೆ, ಮುಂಚೆಯೇ ತಂದಿಟ್ಟ ಟ್ಯಾಂಕು. ಬಿಸಿಲಿಗೆ ಬಿದ್ದ ಸೈನಿಕರ ಲೆಕ್ಕ ಮಾತ್ರ ಯೋಜನೆಯಲ್ಲಿ ಸರಿಯಾಗಿ ಹಿಡಿದಿರಲಿಲ್ಲ.