ಮುದ್ರಣಕ್ಕೆ ಒಪ್ಪಿದ್ದೆ, ಇ-ಬುಕ್ ಯಾರದ್ದು?

ಪ್ರಶ್ನೆ: ಸರ್, 2015ರಲ್ಲಿ ನನ್ನ ಕಥಾಸಂಕಲನ ಬಂತು. ಕರಾರು ಅಂದ್ರೆ ಸಹಿ ಹಾಕಿದ ಒಂದೇ ಹಾಳೆ: "ಪ್ರಥಮ ಮುದ್ರಣ 1000 ಪ್ರತಿ, ಗೌರವಧನ ಶೇ. 10." ಮೊನ್ನೆ ತಂಗಿ ಮಗ ಫೋನ್ ತೋರಿಸಿದ, ಅದೇ ಪುಸ್ತಕ ಇ-ಬುಕ್ ಆಗಿ 79 ರೂಪಾಯಿಗೆ ಮಾರಾಟಕ್ಕಿದೆ. ಕೇಳಿದರೆ ಪ್ರಕಾಶಕರು "ಪುಸ್ತಕ ನಾವು ತಂದಿದ್ದು, ಹಕ್ಕೂ ನಮ್ಮದೇ" ಅಂತಾರೆ. ಹೌದಾ?

ವಕೀಲರು: ಅಲ್ಲ. ಪುಸ್ತಕ ತರೋದು ಬೇರೆ, ಹಕ್ಕು ಬರೆಸಿಕೊಳ್ಳೋದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಇಂಥ ಕೃತಿಯ ಮೊದಲ ಒಡೆಯರು ಬರೆದವರೇ. ಹಕ್ಕು ಕೈ ಬದಲಾಗಬೇಕಾದರೆ ನಿಮ್ಮ ಸಹಿಯಿರುವ ಬರಹ ಬೇಕು, ಅದರಲ್ಲಿ ಯಾವ ಹಕ್ಕು ಅಂತ ಗುರುತಿಸಿರಬೇಕು. 19ನೇ ಸೆಕ್ಷನ್ ಓದಿ. ಹಕ್ಕು ಬಿಟ್ಟುಕೊಡದೆ ಬರೀ ಬಳಸಲು ಕೊಡುವ ಪರವಾನಗಿಗೂ ಅದೇ ಅನ್ವಯ. ನಿಮ್ಮ ಹಾಳೆಯಲ್ಲಿರೋದು "ಮುದ್ರಣ", "ಪ್ರತಿ" ಅನ್ನೋ ಎರಡು ಮಾತು. ಅದನ್ನು ಇ-ಬುಕ್‌ವರೆಗೆ ಎಳೆಯೋದು ಕಷ್ಟ.

ಅದಕ್ಕಿಂತ ಗಟ್ಟಿ ಅಂಶ ಇನ್ನೊಂದಿದೆ. ಅವಧಿ ಬರೆಯದಿದ್ದರೆ ಕಾನೂನು ತಾನೇ ಐದು ವರ್ಷ ಅಂತ ಲೆಕ್ಕ ಹಿಡಿಯುತ್ತೆ. ಅಲ್ಲಿಗೆ ನಿಮ್ಮ ಕರಾರು 2020ಕ್ಕೇ ಮುಗೀತು. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅಮೆರಿಕದ ಕನ್ನಡಿಗರಿಗೆ ಮಾರೋ ಹಕ್ಕಂತೂ ಯಾವತ್ತೂ ಪ್ರಕಾಶಕರಿಗಿರಲಿಲ್ಲ. ಮೊದಲು ಪ್ರಕಾಶಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ಇ-ಬುಕ್ ತೆಗೆಯಲಿ, ಮಾರಾಟದ ಲೆಕ್ಕ ಕೊಡಲಿ. ಬಗ್ಗದಿದ್ದರೆ ಮಾರುವ ತಾಣಕ್ಕೇ ದೂರು, ಜೊತೆಗೆ ಆ ಹಾಳೆಯ ನಕಲು. ಜಗಳ ಫೋನಲ್ಲಿ ಬೇಡ, ಎಲ್ಲಾ ಬರಹದಲ್ಲೇ ಇರಲಿ.

ಪ್ರಶ್ನೆ: ಅದೇ ಮುಖಪುಟ ಹಾಕಿ ನಾನೇ ಇ-ಬುಕ್ ಮಾಡಬಹುದಾ?

ವಕೀಲರು: ಕಥೆ ನಿಮ್ಮದು, ಚಿತ್ರ ನಿಮ್ಮದಲ್ಲ. ಪ್ರಕಾಶಕರು ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಒಡೆಯರು ಅವರು. ಹೊಸ ಮುಖಪುಟ ಮಾಡಿಸಿ. ನಿಮ್ಮ ಹಳೇ "ನುಡಿ" ತಂತ್ರಾಂಶದ ಫೈಲನ್ನು, ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡ್‌ ಅಕ್ಷರಗಳಿಗೆ ತಂದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದೇ ನೋಡಿ. ಇದು ಕಾನೂನಲ್ಲ, ನನ್ನ ಪುಸ್ತಕದಲ್ಲಿ "ಕರ್ತ" ಹೋಗಿ "ಕತ" ಆಗಿತ್ತು, ಅದಕ್ಕೆ ಹೇಳಿದೆ. ಅಪ್‌ಲೋಡ್ ಮಾಡುವಾಗ "ಎಕ್ಸ್‌ಕ್ಲೂಸಿವ್" ಅಂತ ಇರೋ ಕಡೆ ಓದದೆ ಟಿಕ್ ಹಾಕಬೇಡಿ, ಬೇರೆಲ್ಲೂ ಮಾರೋಕಾಗಲ್ಲ.

ಇನ್ನೊಬ್ಬರು: ನಮ್ಮ ವಾಟ್ಸಾಪ್ ಗುಂಪಲ್ಲಿ ಅನಕೃ ಕಾದಂಬರಿಗಳ ಪಿಡಿಎಫ್ ಹಂಚ್ತಾರೆ. ಹಳೇದು ತಾನೇ, ಪರವಾಗಿಲ್ವಾ?

ವಕೀಲರು: ಪುಸ್ತಕದ ವಯಸ್ಸಲ್ಲ, ಲೇಖಕರು ತೀರಿಕೊಂಡ ವರ್ಷ ನೋಡಬೇಕು. ಅದರ ಮುಂದಿನ ಜನವರಿಯಿಂದ 60 ವರ್ಷ. ಅನಕೃ ಹೋಗಿದ್ದು 1971ರಲ್ಲಿ, ಅಂದರೆ 2031ರ ಡಿಸೆಂಬರ್ ಕೊನೆವರೆಗೆ ವಾರಸುದಾರರನ್ನೋ ಹಕ್ಕು ಪಡೆದವರನ್ನೋ ಕೇಳಬೇಕು. 1946ರಲ್ಲಿ ಹೋದ ಕೈಲಾಸಂ ನಾಟಕಗಳನ್ನು ಧಾರಾಳವಾಗಿ ಹಂಚಿ. ಹೊಸ ಆವೃತ್ತಿಗೆ ಈಗಿನವರು ಬರೆದ ಮುನ್ನುಡಿ ಇದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ.