ವಾರ್ತಾಚಿತ್ರದ ದನಿಯನ್ನು ಕಾದಂಬರಿಯೊಳಗೆ ತರುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಲ್ಪಿತ ದೇಶವೊಂದರ ಯುದ್ಧಕಾಲದ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಅದರ ಒಂದು ಅಧ್ಯಾಯ ಪೂರ್ತಿಯಾಗಿ ಚಿತ್ರಮಂದಿರದೊಳಗೆ ನಡೆಯುತ್ತದೆ. ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವ ಹತ್ತು ನಿಮಿಷದ ವಾರ್ತಾಚಿತ್ರವನ್ನು ನನ್ನ ನಾಯಕಿ, ಒಬ್ಬ ಶಾಲಾ ಶಿಕ್ಷಕಿ, ನೋಡುತ್ತಾಳೆ. ಸರ್ಕಾರ ಹೇಳುವುದನ್ನು ಆಕೆ ಮೊದಲ ಬಾರಿಗೆ ಅನುಮಾನಿಸುವುದು ಆ ಹತ್ತು ನಿಮಿಷಗಳಲ್ಲಿಯೇ. ಈ ಭಾಗವನ್ನು ನಾಲ್ಕು ಸಲ ತಿದ್ದಿ ಬರೆದರೂ ಅದಕ್ಕೆ ಜೀವ ಬಂದಿಲ್ಲ.

ನಾನು ಬರೆದಿರುವ ನಿರೂಪಣೆ ಹೀಗಿದೆ: “ನಮ್ಮ ಅಜೇಯ ಸೇನೆ ಮುನ್ನುಗ್ಗುತ್ತಿದೆ! ಹೇಡಿ ವೈರಿಗಳು ದಿಕ್ಕೆಟ್ಟು ಓಡುತ್ತಿದ್ದಾರೆ! ಮಹಾನಾಯಕರಿಗೆ ಜಯವಾಗಲಿ!” ಇದನ್ನು ಓದಿದ ಗೆಳತಿಯೊಬ್ಬರು, ಇಂಥ ಮಾತನ್ನು ನಂಬುವ ಪ್ರೇಕ್ಷಕರೆಲ್ಲರೂ ದಡ್ಡರಂತೆ ಕಾಣುತ್ತಾರೆ, ಅವರು ದಡ್ಡರೆಂದಾದ ಮೇಲೆ ನಾಯಕಿಯ ಅನುಮಾನಕ್ಕೂ ಬೆಲೆ ಉಳಿಯುವುದಿಲ್ಲ ಎಂದರು. ಅವರ ಮಾತನ್ನು ಒಪ್ಪಿದೆ. ಆದರೆ ನಿಜವಾದ ವಾರ್ತಾಚಿತ್ರಗಳು ವಿವೇಕಿಗಳಾದ ಜನರನ್ನು ವರ್ಷಗಟ್ಟಲೆ ನಂಬಿಸಿದ್ದು ಹೇಗೆ ಎಂಬುದು ತಿಳಿಯದೆ ಐದನೆಯ ಸಲ ಬರೆಯಲು ಕೈ ಓಡುತ್ತಿಲ್ಲ. ಈ ವಿಷಯವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಹಳೆಯ ಚಲನಚಿತ್ರ ಪ್ರತಿಗಳನ್ನು ನೋಡಿ ಪಟ್ಟಿ ಮಾಡುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಅದರಿಂದ ಕಲಿತ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ: ಯಾವುದೇ ವಾರ್ತಾಚಿತ್ರವನ್ನು ಒಮ್ಮೆ ದನಿ ಇಲ್ಲದೆ ನೋಡಿ, ಅನಂತರ ದನಿಯೊಂದಿಗೆ ನೋಡಿ. ಹಾಗೆ ಮೂಕವಾಗಿ ಓಡಿಸಿದ ಒಂದು ರೀಲಿನಲ್ಲಿ ನನಗೆ ಕಂಡದ್ದು ಇಷ್ಟೇ: ಕೆಸರಿನ ರಸ್ತೆ, ಸಾಲಾಗಿ ನಡೆಯುತ್ತಿರುವ ಸೈನಿಕರು, ಗಾಡಿಯ ಚಕ್ರಕ್ಕೆ ಹೆಗಲು ಕೊಟ್ಟು ದೂಡುತ್ತಿರುವ ಇಬ್ಬರು, ಕ್ಯಾಮೆರಾದ ಕಡೆಗೆ ತಿರುಗಿ ನಕ್ಕ ಒಬ್ಬ. ಅವರು ಮುಂದಕ್ಕೆ ಹೋಗುತ್ತಿದ್ದಾರೋ ಹಿಮ್ಮೆಟ್ಟುತ್ತಿದ್ದಾರೋ ಎಂಬುದನ್ನು ಚಿತ್ರ ಹೇಳಲೇ ಇಲ್ಲ. ದನಿ ಸೇರಿಸಿ ನೋಡಿದಾಗ ಅದೇ ನಗು ವಿಜಯದ ನಗುವಾಗಿತ್ತು. ಸುಳ್ಳು ಚಿತ್ರದಲ್ಲಿಯೇ ಇರುವುದು ಕಡಿಮೆ, ಅದು ಸಾಮಾನ್ಯವಾಗಿ ನಿರೂಪಕನ ದನಿಯಲ್ಲಿ ಮತ್ತು ತುಣುಕುಗಳ ಜೋಡಣೆಯಲ್ಲಿ ಅಡಗಿರುತ್ತದೆ. ಪ್ರೇಕ್ಷಕರು ನಂಬಿದ್ದು ತಮ್ಮ ಕಣ್ಣನ್ನು. ಕಣ್ಣು ಕಂಡದ್ದಕ್ಕೆ ಬೇರೆ ಯಾರೋ ಅರ್ಥ ಹಚ್ಚುತ್ತಿದ್ದಾರೆ ಎಂಬುದು ಆ ಕತ್ತಲಲ್ಲಿ ಅವರಿಗೆ ತೋಚುತ್ತಿರಲಿಲ್ಲ.

ಇದಕ್ಕೆ ತಾಂತ್ರಿಕ ಕಾರಣವೂ ಇದೆ. 1927ರ ಮೇ 20ರಂದು ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಲು ವಿಮಾನ ಏರಿದ ದೃಶ್ಯವನ್ನು ಫಾಕ್ಸ್ ಮೂವಿಟೋನ್ ಸಂಸ್ಥೆಯವರು ಶಬ್ದಸಹಿತ ಚಿತ್ರೀಕರಿಸಿ ಅದೇ ರಾತ್ರಿ ನ್ಯೂಯಾರ್ಕಿನ ರಾಕ್ಸಿ ಚಿತ್ರಮಂದಿರದಲ್ಲಿ ತೋರಿಸಿದರು. ಎಂಜಿನ್ನಿನ ಸದ್ದನ್ನು ತಾವೇ ಕೇಳಿದ ಜನರಿಗೆ, ಪರದೆಯಿಂದ ಬರುವ ಶಬ್ದವೂ ಆ ಸ್ಥಳದಿಂದಲೇ ಬಂದದ್ದು ಎಂಬ ನಂಬಿಕೆ ಬೇರೂರಿತು. ಆದರೆ ಶಬ್ದಗ್ರಹಣದ ಸಲಕರಣೆಗಳು ಬಹಳ ಭಾರವಾಗಿದ್ದುದರಿಂದ ಯುದ್ಧಭೂಮಿಯ ಬಹುಪಾಲು ದೃಶ್ಯಗಳನ್ನು ಮೂಕ ಕ್ಯಾಮೆರಾಗಳಲ್ಲಿಯೇ ಹಿಡಿಯಬೇಕಾಗಿತ್ತು. ಫಿರಂಗಿಯ ಗರ್ಜನೆ, ಜನರ ಜಯಘೋಷ, ಬೂಟುಗಳ ಸಪ್ಪಳ ಇವೆಲ್ಲವನ್ನೂ ಸಂಕಲನದ ಕೋಣೆಯಲ್ಲಿ, ಮೊದಲೇ ಸಂಗ್ರಹಿಸಿಟ್ಟ ಶಬ್ದಗಳಿಂದ ಆಯ್ದು ಕೂಡಿಸುತ್ತಿದ್ದರು. ಸಂಗೀತದ ಪಾಲೂ ದೊಡ್ಡದು. 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ನಡೆದಂದಿನಿಂದ ಜರ್ಮನಿಯ ವಾರ್ತಾಚಿತ್ರಗಳಲ್ಲಿ ಲಿಸ್ಟ್ ಎಂಬ ಸಂಗೀತಕಾರರ ಕೃತಿಯೊಂದರ ಕಹಳೆಯ ನುಡಿ ವಿಜಯವಾರ್ತೆಯ ಮುನ್ಸೂಚನೆಯಾಗಿ ಮೊಳಗುತ್ತಿತ್ತು. ಇಂಥ ನುಡಿಯನ್ನು ಕೆಲವು ವಾರ ಕೇಳಿದವರಿಗೆ, ನಿರೂಪಕ ಬಾಯಿ ತೆರೆಯುವ ಮೊದಲೇ ಗೆದ್ದೆವು ಎಂದು ಅನಿಸಿಬಿಟ್ಟಿರುತ್ತದೆ.

ಜೋಡಣೆಗೆ ಎಷ್ಟು ಶಕ್ತಿ ಇದೆ ಎಂಬುದನ್ನು ತೋರಿಸಲು ಬ್ರಿಟನ್ನಿನ ಒಂದು ಕಿರುಚಿತ್ರವನ್ನು ನೆನೆಯುತ್ತೇನೆ. ನಾಜಿ ಪಕ್ಷದ ಸಮಾವೇಶದ ಕವಾಯತು ದೃಶ್ಯಗಳನ್ನು 1942ರ ಸುಮಾರಿಗೆ ಚಾರ್ಲ್ಸ್ ರಿಡ್ಲಿ ಎಂಬವರು ತೆಗೆದುಕೊಂಡು, ಹೆಜ್ಜೆಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಲ್ಯಾಂಬೆತ್ ವಾಕ್ ಎಂಬ ಜನಪ್ರಿಯ ನೃತ್ಯಗೀತೆಯ ತಾಳಕ್ಕೆ ಹೊಂದಿಸಿದರು. ನೋಡುವವರ ಎದೆ ನಡುಗಿಸಲೆಂದು ತೆಗೆದ ಅದೇ ಶಾಟುಗಳಲ್ಲಿ ಆ ಸೈನಿಕರು ಕುಣಿಯುವ ಗೊಂಬೆಗಳಾದರು. ಹೊಸದಾಗಿ ಒಂದು ಶಾಟನ್ನೂ ತೆಗೆಯಬೇಕಾಗಿರಲಿಲ್ಲ.

ಇನ್ನು ನಿಮ್ಮ ನಿರೂಪಕನ ವಿಷಯ. ಆತ ಕೂಗುತ್ತಿರುವುದೇ ದೋಷ. ಪರಿಣತ ನಿರೂಪಕನ ದನಿ ಮನೆಯ ಹಿರಿಯರೊಬ್ಬರ ದನಿಯಂತೆ ಭರವಸೆ ಕೊಡುತ್ತದೆ. ಆತ ವೈರಿಯನ್ನು ಬೈಯುವುದಕ್ಕಿಂತ ಹೆಚ್ಚಾಗಿ “ನಾವು” ಎನ್ನುತ್ತಾನೆ. ಸಣ್ಣ ನಿಜಗಳನ್ನು ಆತ ಧಾರಾಳವಾಗಿ ಒಪ್ಪಿಕೊಳ್ಳುತ್ತಾನೆ: ಮಳೆ ಜೋರಾಗಿದೆ, ರಸ್ತೆ ಕೆಟ್ಟಿದೆ, ಹುಡುಗರು ದಣಿದಿದ್ದಾರೆ. ಇವನ್ನೆಲ್ಲ ಒಪ್ಪಿಕೊಂಡವನು ದೊಡ್ಡದನ್ನು ಮುಚ್ಚಿಡಲಾರ ಎಂದು ಕೇಳುವವರು ತಾವಾಗಿಯೇ ತೀರ್ಮಾನಿಸುತ್ತಾರೆ. ಯುದ್ಧದ ಸುದ್ದಿ ಮುಗಿದೊಡನೆ ಕುದುರೆ ಪಂದ್ಯವೋ, ಹೊಸ ಮಾದರಿಯ ಟೋಪಿಗಳೋ, ಮೃಗಾಲಯದ ಕರಡಿಮರಿಯೋ ಬರಬೇಕು. ಕರಡಿಮರಿಯ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲವಷ್ಟೆ. ಆ ಪ್ರಾಮಾಣಿಕತೆ ಹಿಂದಿನ ಸುದ್ದಿಗೂ ಅಂಟಿಕೊಳ್ಳುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಚಿತ್ರದಲ್ಲಿ ಸುಳ್ಳು ಕಡಿಮೆ ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. 1916ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ, ಮೊದಲ ಮಹಾಯುದ್ಧದ ಸೊಮ್ ಕದನದ ಚಿತ್ರದಲ್ಲಿ ಸೈನಿಕರು ಕಂದಕದಿಂದ ಮೇಲೇರಿ ಹೋಗುವಾಗ ಒಬ್ಬ ಗುಂಡು ತಗುಲಿ ಹಿಂದಕ್ಕೆ ಜಾರಿ ಬೀಳುವ ದೃಶ್ಯವಿದೆ. ಅದನ್ನು ರಣರಂಗದ ಹಿಂಬದಿಯಲ್ಲಿದ್ದ ತರಬೇತಿಯ ಸ್ಥಳದಲ್ಲಿ ಅಭಿನಯಿಸಿ ತೆಗೆದದ್ದು ಎಂದು ಇಂದು ಇತಿಹಾಸಕಾರರು ಒಪ್ಪುತ್ತಾರೆ. ಆ ಚಿತ್ರದ ಉಳಿದ ಭಾಗದಲ್ಲಿ ನಿಜವಾದ ಗಾಯಾಳುಗಳೂ ನಿಜವಾದ ಶವಗಳೂ ಇರುವುದರಿಂದಲೇ ಆ ಕೆಲವು ಕ್ಷಣಗಳ ನಟನೆಯೂ ನಿಜವೆಂದು ನಿಂತುಬಿಟ್ಟಿತು.

ಇದಕ್ಕಿಂತ ನನ್ನನ್ನು ಹೆಚ್ಚು ಕಲಕುವ ಪ್ರಸಂಗ 1934ರ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆಯದು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಬಡತನ ನಿರ್ಮೂಲನದ ಕಾರ್ಯಕ್ರಮವನ್ನು ಮುಂದಿಟ್ಟು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ನಿಂತಿದ್ದರು. ಅವರನ್ನು ಸೋಲಿಸಲು ಎಂಜಿಎಂ ಸ್ಟುಡಿಯೋದ ಇರ್ವಿಂಗ್ ಥಾಲ್‌ಬರ್ಗ್ ಅವರ ಉಸ್ತುವಾರಿಯಲ್ಲಿ ವಾರ್ತಾಚಿತ್ರದ ರೂಪದ ಕಿರುಚಿತ್ರಗಳು ತಯಾರಾಗಿ ರಾಜ್ಯದ ಚಿತ್ರಮಂದಿರಗಳಲ್ಲಿ ಪ್ರದರ್ಶನಗೊಂಡವು. ಬೀದಿಯಲ್ಲಿ ಮತದಾರರನ್ನು ಮಾತನಾಡಿಸಿದಂತೆ ಅವುಗಳ ರಚನೆ. ಎದುರಾಳಿ ಮೆರಿಯಮ್ ಅವರನ್ನು ಬೆಂಬಲಿಸುವವರು ಅಚ್ಚುಕಟ್ಟಾದ ಉಡುಪಿನ ಗೌರವಸ್ಥರು. ಸಿಂಕ್ಲೇರ್ ಅವರನ್ನು ಬೆಂಬಲಿಸುವವರು ಹೆಚ್ಚಾಗಿ ಗಡ್ಡ ಬೆಳೆಸಿದ, ತಡವರಿಸುವ ಜನ. ಸಿಂಕ್ಲೇರ್ ಸೋತರು. ಅವರ ಸೋಲಿಗೆ ಬೇರೆ ಕಾರಣಗಳೂ ಇದ್ದವು ಎಂಬುದು ನಿಜ. ಆದರೂ ಇದನ್ನು ಗಮನಿಸಿ: ವಾರ್ತಾಚಿತ್ರವನ್ನು ಅನುಕರಿಸುವ ಕಲೆ ಕಥೆಗಾರರ ಕೈಯಲ್ಲಿ ಪ್ರಬುದ್ಧವಾಗುವ ಮೊದಲೇ ಪ್ರಚಾರಕರ ಕೈಯಲ್ಲಿ ಪಳಗಿತ್ತು.

ತೋರಿಸದೆ ಇರುವುದೂ ಪ್ರಚಾರವೇ. 1937ರ ಮೇ 30ರಂದು ಷಿಕಾಗೋದಲ್ಲಿ ಉಕ್ಕಿನ ಕಾರ್ಖಾನೆಯ ಮುಷ್ಕರನಿರತರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಮಂದಿ ಸತ್ತರು. ಪ್ಯಾರಾಮೌಂಟ್ ನ್ಯೂಸ್ ಸಂಸ್ಥೆಯ ಕ್ಯಾಮೆರಾ ಅಲ್ಲಿಯೇ ಇತ್ತು. ಗಲಭೆ ಹಬ್ಬೀತು ಎಂಬ ಕಾರಣ ನೀಡಿ ಸಂಸ್ಥೆ ಆ ಚಿತ್ರಣವನ್ನು ಬಿಡುಗಡೆ ಮಾಡದೆ ಇಟ್ಟುಕೊಂಡಿತು. ಸೆನೆಟ್ ಸಮಿತಿಯೊಂದು ಅದನ್ನು ತರಿಸಿ ನೋಡಿದ ಮೇಲೆಯೇ, ಮುಷ್ಕರನಿರತರೇ ದಾಳಿ ಮಾಡಿದರು ಎಂಬ ಪೊಲೀಸರ ವಾದ ಕುಸಿಯಿತು. ನಿಮ್ಮ ನಾಯಕಿಗೆ ಅನುಮಾನ ಹುಟ್ಟಬೇಕಾದರೆ, ಪರದೆಯ ಮೇಲೆ ಯಾವುದು ಬರಲಿಲ್ಲ ಎಂಬುದೂ ಅದಕ್ಕೆ ಸಾಕಾದೀತು.

ಮೂರನೆಯ ಉತ್ತರ

ಕಥನದಲ್ಲಿ ವಾರ್ತಾಚಿತ್ರದ ಅನುಕರಣೆ ಹೇಗೆ ನಡೆದಿದೆ ಎಂಬುದರ ಬಗ್ಗೆ ಯಾರೂ ಬರೆಯದ ಕಾರಣ ಅಷ್ಟನ್ನು ಸೇರಿಸುತ್ತೇನೆ. 1941ರ ಸಿಟಿಜನ್ ಕೇನ್ ಚಿತ್ರದ ಆರಂಭದಲ್ಲಿ ಸತ್ತ ಪತ್ರಿಕಾ ದೊರೆಯ ಬದುಕನ್ನು ಹೇಳುವ ಸುಮಾರು ಒಂಬತ್ತು ನಿಮಿಷದ ವಾರ್ತಾಚಿತ್ರವಿದೆ. ಅದು 1935ರಿಂದ ಪ್ರದರ್ಶನಗೊಳ್ಳುತ್ತಿದ್ದ ಮಾರ್ಚ್ ಆಫ್ ಟೈಮ್ ಎಂಬ ಮಾಲಿಕೆಯ ಅನುಕರಣೆ. ಹಳೆಯ ತುಣುಕುಗಳಂತೆ ಕಾಣಲೆಂದು ಸಂಕಲನಕಾರರು ಫಿಲ್ಮನ್ನು ಗಟ್ಟಿ ನೆಲದ ಮೇಲೆ ಎಳೆದು ಗೀರು ಬೀಳಿಸಿದರು. ಮುದಿ ಕೇನ್ ಗಾಲಿಕುರ್ಚಿಯಲ್ಲಿ ಕುಳಿತಿರುವ ದೃಶ್ಯವನ್ನು, ಬೇಲಿಯ ಸಂದಿನಿಂದ ಯಾರೋ ಕದ್ದು ತೆಗೆದಂತೆ, ಅಲುಗಾಡುವ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಕೇನ್ ಕಮ್ಯುನಿಸ್ಟ್ ಎಂದು ಒಬ್ಬ, ಫ್ಯಾಸಿಸ್ಟ್ ಎಂದು ಇನ್ನೊಬ್ಬ ಅದರೊಳಗೇ ಹೇಳುತ್ತಾರೆ, ನಿರೂಪಕನ ದನಿ ಮಾತ್ರ ಎಲ್ಲವನ್ನೂ ತಿಳಿದವನಂತೆ ಸಾಗುತ್ತದೆ. ಚಿತ್ರ ಥಟ್ಟನೆ ನಿಂತು, ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ಅದನ್ನು ನೋಡುತ್ತಿದ್ದ ಪತ್ರಕರ್ತರು ಏನೋ ಸಾಲದು ಎನ್ನುತ್ತಾರೆ. ಚಿತ್ರದ ಮುಂದಿನ ಕಥೆಯೆಲ್ಲ ಹುಟ್ಟುವುದು ಆ ಅತೃಪ್ತಿಯಿಂದ. ವಾರ್ತಾಚಿತ್ರದಲ್ಲಿ ತಪ್ಪು ಮಾಹಿತಿ ಇದೆ ಎಂದು ಅವರು ಹೇಳುವುದಿಲ್ಲ. ಮಾಹಿತಿ ಇದ್ದರೂ ಆ ಮನುಷ್ಯ ಅಲ್ಲಿಲ್ಲ ಎನ್ನುತ್ತಾರೆ. ಅನುಕರಣೆ ಇಷ್ಟು ಆಳಕ್ಕೆ ಹೋದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

1966ರ ಬ್ಯಾಟಲ್ ಆಫ್ ಅಲ್ಜಿಯರ್ಸ್ ಇದಕ್ಕೆ ಬೇರೆಯ ದಾರಿ ಹಿಡಿದಿದೆ. ಅಲ್ಲಿ ಇಡೀ ಚಿತ್ರವೇ ವಾರ್ತಾಚಿತ್ರದ ಒರಟು ಕಪ್ಪುಬಿಳುಪಿನಲ್ಲಿದೆ. ಇದರಲ್ಲಿ ಒಂದು ಅಡಿಯಷ್ಟೂ ನಿಜವಾದ ವಾರ್ತಾಚಿತ್ರವನ್ನು ಬಳಸಿಲ್ಲ ಎಂಬ ಸೂಚನೆಯನ್ನು ಅಮೆರಿಕದ ಪ್ರತಿಗಳಲ್ಲಿ ಹಾಕಬೇಕಾಯಿತು.

ಆದರೆ ನೀವು ಬರೆಯುತ್ತಿರುವುದು ಅಕ್ಷರದಲ್ಲಿ. ಅಲ್ಲಿ ಗೀರೂ ಇಲ್ಲ, ಕಹಳೆಯೂ ಇಲ್ಲ. ಆದ್ದರಿಂದ ಜಾರ್ಜ್ ಆರ್ವೆಲ್ 1949ರ ನೈನ್ಟೀನ್ ಎಯ್ಟಿ-ಫೋರ್ ಕಾದಂಬರಿಯಲ್ಲಿ ಮಾಡಿದ್ದನ್ನು ನೋಡಿ. ಅವರ ನಾಯಕ ವಿನ್‌ಸ್ಟನ್ ದಿನಚರಿಯ ಮೊದಲ ಪುಟದಲ್ಲಿ ಹಿಂದಿನ ರಾತ್ರಿ ಕಂಡ ಯುದ್ಧಚಿತ್ರವನ್ನು ಬಣ್ಣಿಸುತ್ತಾನೆ: ನಿರಾಶ್ರಿತರ ಹಡಗಿನ ಮೇಲೆ ಬಾಂಬು ಬೀಳುತ್ತದೆ, ಪ್ರೇಕ್ಷಕರು ನಗುತ್ತಾರೆ, ಮಕ್ಕಳ ಮುಂದೆ ಇದನ್ನು ತೋರಿಸಬಾರದೆಂದು ಒಬ್ಬ ಹೆಂಗಸು ಕೂಗುತ್ತಾಳೆ, ಪೊಲೀಸರು ಅವಳನ್ನು ಹೊರಗೆ ಹಾಕುತ್ತಾರೆ. ಇಲ್ಲಿ ನಿರೂಪಕನ ಒಂದು ಮಾತನ್ನೂ ಲೇಖಕರು ಉದ್ಧರಿಸುವುದಿಲ್ಲ. ಬರೆಯುತ್ತ ಹೋದಂತೆ ವಿನ್‌ಸ್ಟನ್ನನ ವಾಕ್ಯಗಳಲ್ಲಿ ವಿರಾಮಚಿಹ್ನೆಗಳು ಉದುರಿಹೋಗುತ್ತವೆ. ಪ್ರಚಾರ ಏನು ಮಾಡಿತು ಎಂಬುದು ನೋಡಿದವನ ಭಾಷೆಯಲ್ಲಿಯೇ ಕಾಣುತ್ತದೆ.

ಮೊದಲ ಉತ್ತರದಾರರೊಂದಿಗೆ ನನಗೆ ಒಂದು ಭಿನ್ನಾಭಿಪ್ರಾಯವಿದೆ. ನಿರೂಪಕನ ದನಿ ಇಲ್ಲದೆಯೂ ಪ್ರಚಾರ ನಡೆಯುತ್ತದೆ. 1960ರಲ್ಲಿ ಆರಂಭವಾದ ಕ್ಯೂಬಾದ ವಾರ್ತಾಚಿತ್ರಗಳಲ್ಲಿ ಸಾಂತಿಯಾಗೋ ಅಲ್ವಾರೆಸ್ ಅವರು ಎಷ್ಟೋ ಕಡೆ ನಿರೂಪಣೆಯನ್ನೇ ಕೈಬಿಟ್ಟು ಸಂಗೀತ, ನಿಶ್ಚಲ ಚಿತ್ರ ಮತ್ತು ದಪ್ಪಕ್ಷರದ ಬರಹಗಳಿಂದಲೇ ವಾದ ಹೂಡಿದ್ದಾರೆ. ಅಲ್ಲಿ ಪ್ರೇಕ್ಷಕನಿಗೆ ಯಾರೂ ಏನನ್ನೂ ಹೇಳಿದಂತೆ ಅನಿಸುವುದಿಲ್ಲ. ನನ್ನ ಮಟ್ಟಿಗೆ ಅದು ದನಿಗಿಂತ ಹೆಚ್ಚು ಬಲವಾದದ್ದು.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಆ ಭಾಗವನ್ನು ಮತ್ತೆ ಬರೆದೆ. ಈಗ ನಿರೂಪಕ ಹೇಳುವುದು ಇಷ್ಟು: “ಮಳೆ ಮೂರು ದಿನದಿಂದ ಬಿಟ್ಟಿಲ್ಲ. ಆದರೂ ನಮ್ಮ ಹುಡುಗರು ಸೇತುವೆ ದಾಟಿದ್ದಾರೆ. ಬೂಟು ಒಣಗಿಸಿಕೊಳ್ಳಲು ಅವರಿಗೊಂದು ಗಳಿಗೆ ಬಿಡುವು ಸಿಕ್ಕಿದೆ, ಊರಿನಿಂದ ಬಂದ ಕಾಗದಗಳನ್ನು ಓದುತ್ತಿದ್ದಾರೆ.” ಸೇತುವೆಯ ಮೇಲೆ ಮುಂಗಾಲು ಕುಂಟುವ ಬಿಳಿ ಕುದುರೆಯೊಂದು ಗಾಡಿ ಎಳೆಯುತ್ತಿದೆ. ಶಿಕ್ಷಕಿಗೆ ಆ ಕುದುರೆಯ ನೆನಪಿದೆ: ಎರಡು ತಿಂಗಳ ಹಿಂದೆ, ಬೇರೆ ಹೆಸರಿನ ನದಿಯನ್ನು ದಾಟಿದ ಸುದ್ದಿಯಲ್ಲಿಯೂ ಅದೇ ಕುದುರೆ ಅದೇ ಕಾಲನ್ನು ಎಳೆಯುತ್ತಿತ್ತು. ಪಕ್ಕದಲ್ಲಿ ಕುಳಿತವರಿಗೆ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾಳೆ. ಹಳೆಯ ತುಣುಕನ್ನು ಹೀಗೆ ಮತ್ತೆ ಬಳಸುವುದು ನಂಬಲರ್ಹವೇ? ಇನ್ನೊಂದು ಪ್ರಶ್ನೆ: ಅನುಮಾನ ಬಂದವರು ವಾರ್ತಾಚಿತ್ರವನ್ನು ನೋಡದೆ ತಪ್ಪಿಸಿಕೊಳ್ಳಲು ಆಗುತ್ತಿತ್ತೇ?

ಮೊದಲ ಉತ್ತರದಾರರ ಪ್ರತಿಕ್ರಿಯೆ

ಖಂಡಿತ ನಂಬಲರ್ಹ. ಹೊಸ ದೃಶ್ಯ ಸಮಯಕ್ಕೆ ಕೈಸೇರದಿದ್ದಾಗ ಸಂಗ್ರಹದ ತುಣುಕನ್ನು ಸೇರಿಸುವುದು ಎಲ್ಲ ದೇಶಗಳಲ್ಲಿಯೂ ವಾಡಿಕೆಯಾಗಿತ್ತು. ಕುಂಟುವ ಕುದುರೆ ಚೆನ್ನಾಗಿದೆ. ಅದನ್ನು ದಯವಿಟ್ಟು ಇನ್ನಷ್ಟು ವಿವರಿಸಬೇಡಿ. ಮೂರನೆಯ ಉತ್ತರದಲ್ಲಿ ಅಲ್ವಾರೆಸ್ ಅವರ ಉದಾಹರಣೆ ಕೊಟ್ಟು ನನ್ನ ಮಾತಿಗೆ ಎತ್ತಿದ ಆಕ್ಷೇಪವನ್ನೂ ಒಪ್ಪುತ್ತೇನೆ.

ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. ಇಟಲಿಯಲ್ಲಿ 1924ರಲ್ಲಿ ಹುಟ್ಟಿದ ಲೂಚೆ ಸಂಸ್ಥೆಯ ಚಿತ್ರಗಳನ್ನು ಎಲ್ಲ ಚಿತ್ರಮಂದಿರಗಳೂ ತೋರಿಸಲೇಬೇಕೆಂದು 1926ರಲ್ಲಿ ಆಜ್ಞೆಯಾಯಿತು. ಸ್ಪೇನಿನಲ್ಲಿ ನೋದೋ ಎಂಬ ವಾರ್ತಾಚಿತ್ರ 1943ರ ಜನವರಿಯಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಕಡ್ಡಾಯವಾಗಿತ್ತು. ಜರ್ಮನಿಯಲ್ಲಿ 1940ರಲ್ಲಿ ಇದ್ದಬದ್ದ ವಾರ್ತಾಚಿತ್ರಗಳನ್ನೆಲ್ಲ ಒಂದೇ ಆಗಿ ಕೂಡಿಸಿದರು. ಹಾಗಿದ್ದರೂ ಸ್ಟಾಲಿನ್‌ಗ್ರಾಡ್ ಸೋಲಿನ ನಂತರ, ಜನರು ಚಿತ್ರಮಂದಿರದ ಹೊರಗೇ ಕಾದಿದ್ದು ವಾರ್ತಾಚಿತ್ರ ಮುಗಿದ ಮೇಲೆ ಒಳಗೆ ಬರುತ್ತಿದ್ದಾರೆ ಎಂದು ಅಲ್ಲಿನ ಗುಪ್ತಚರರು ವರದಿ ಬರೆದರು. ನಿಮ್ಮ ಶಿಕ್ಷಕಿ ಮುಂದಿನ ವಾರವೂ ಚಿತ್ರಮಂದಿರಕ್ಕೆ ಬರಲಿ. ಟಿಕೆಟ್ ಕೊಂಡು ಬಾಗಿಲಲ್ಲಿಯೇ ನಿಲ್ಲಲಿ, ಒಳಗಿನಿಂದ ಕಹಳೆ ಕೇಳಲಿ. ಅಲ್ಲಿ ಆಕೆಗೆ ತನ್ನಂತೆಯೇ ಗೋಡೆಗೆ ಒರಗಿ ಕಾಯುತ್ತಿರುವ ಇನ್ನೂ ನಾಲ್ಕು ಮಂದಿ ಕಾಣಲಿ.